ರೋಗಿಗಳೇ ಬಾರದ ಡಾಕ್ಟರ್: ಕಾನನ್ ಡಾಯ್ಲ್ ವೃತ್ತಿ ಬಿಟ್ಟ ಕಥೆ

ಕಳೆದ ತಿಂಗಳು ರಾತ್ರಿ ಹನ್ನೊಂದು ಗಂಟೆಗೆ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. ಎಂಬಿಬಿಎಸ್ ಮುಗಿಸಿ ಡ್ಯೂಟಿ ಡಾಕ್ಟರ್ ಆಗಿ ಎರಡು ವರ್ಷ ಆಗಿದೆ. "ಅಣ್ಣಾ, ಆಸ್ಪತ್ರೆ ಮೆಟ್ಟಿಲು ಹತ್ತೋಕೇ ಮನಸ್ಸು ಬರ್ತಿಲ್ಲ. ಪೈಥಾನ್ ಕಲಿತು ನಿಮ್ಮ ಫೀಲ್ಡಿಗೆ ಬಂದುಬಿಡ್ಲಾ?" ಅಂದ. ಬಾ ಅನ್ನೋಕೂ ಆಗಲಿಲ್ಲ, ಬೇಡ ಅನ್ನೋಕೂ ಆಗಲಿಲ್ಲ. ಅವನಿಗೆ ಹೇಳಿದ ಕಥೆಯನ್ನೇ ಇವತ್ತು ನಿಮಗೂ ಹೇಳ್ತೀನಿ.

ಷರ್ಲಾಕ್ ಹೋಮ್ಸ್ ಹೆಸರು ಕೇಳದವರಿಲ್ಲ. ಆದರೆ ಅವನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಓದಿದ್ದು ಎಡಿನ್‌ಬರೋದಲ್ಲಿ ವೈದ್ಯಕೀಯ. 1881ರಲ್ಲಿ ಪದವಿ. ಮರುವರ್ಷ ಸ್ನೇಹಿತನೊಬ್ಬನ ಜೊತೆಗಿನ ಪಾಲುದಾರಿಕೆ ಮುರಿದುಬಿತ್ತು. ಜೇಬಲ್ಲಿ ಹತ್ತು ಪೌಂಡ್ ಕೂಡ ಇಲ್ಲದೆ ಸೌತ್‌ಸೀ ಎಂಬ ಊರಿಗೆ ಬಂದು ಕ್ಲಿನಿಕ್ ತೆರೆದರು. ಮೊದಲ ವರ್ಷದ ಸಂಪಾದನೆ 154 ಪೌಂಡ್. ಎಂಟು ವರ್ಷ ದುಡಿದರೂ ವರ್ಷಕ್ಕೆ 300 ದಾಟಲಿಲ್ಲ.

ರೋಗಿಗಳು ಬಾರದ ಹೊತ್ತಿನಲ್ಲಿ ಕಥೆ ಬರೀತಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸೈಡ್ ಪ್ರಾಜೆಕ್ಟ್. ಹೋಮ್ಸ್‌ನ ಮೊದಲ ಕಾದಂಬರಿಯನ್ನು ಹಲವು ಪ್ರಕಾಶಕರು ವಾಪಸ್ ಕಳಿಸಿದರು. ಕೊನೆಗೆ ಅದು 1887ರಲ್ಲಿ ಅಚ್ಚಾಯಿತು. ಪೂರ್ತಿ ಹಕ್ಕಿಗೆ ಸಿಕ್ಕಿದ್ದು ಬರೀ 25 ಪೌಂಡ್. ಕೆಲಸ ಬಿಡುವಷ್ಟು ದುಡ್ಡಲ್ಲ.

ಹಾಗಾಗಿ ಮೊದಲು ವೈದ್ಯಕೀಯದ ಒಳಗೇ ದಾರಿ ಹುಡುಕಿದರು. 1891ರ ಆರಂಭದಲ್ಲಿ ಕಣ್ಣಿನ ಚಿಕಿತ್ಸೆ ಕಲಿಯಲು ವಿಯೆನ್ನಾಗೆ ಹೋದರು. ಅಲ್ಲಿ ಜರ್ಮನ್ ಪಾಠಗಳು ಸರಿಯಾಗಿ ತಲೆಗೆ ಹತ್ತಲಿಲ್ಲ. ಲಂಡನ್ನಿಗೆ ಬಂದು ಬೋರ್ಡ್ ಹಾಕಿದರು. ಅವರೇ ಬರೆದುಕೊಂಡ ಪ್ರಕಾರ ಒಬ್ಬ ರೋಗಿಯೂ ಬರಲಿಲ್ಲ! ಆ ಮೇ ತಿಂಗಳಲ್ಲಿ ಇನ್‌ಫ್ಲುಯೆಂಜಾ ಬಂದು ಹಾಸಿಗೆ ಹಿಡಿದರು. ಮಲಗಿದ್ದಲ್ಲೇ ತೀರ್ಮಾನ ಆಯಿತು: ಇನ್ನು ಬರವಣಿಗೆಯೇ ಬದುಕು. ಜುಲೈಯಲ್ಲಿ 'ಸ್ಟ್ರಾಂಡ್' ಪತ್ರಿಕೆಯಲ್ಲಿ ಹೋಮ್ಸ್ ಕಥೆಗಳು ಶುರುವಾದವು. ಉಳಿದದ್ದು ನಿಮಗೆ ಗೊತ್ತು.

ಗಮನಿಸಿ, ಓದಿದ ವೈದ್ಯಕೀಯ ದಂಡವಾಗಲಿಲ್ಲ. ಅವರ ಗುರು ಡಾ. ಜೋಸೆಫ್ ಬೆಲ್, ರೋಗಿ ಬಾಯಿ ಬಿಡುವ ಮೊದಲೇ ಅವನ ಕಸುಬು, ಊರು ಊಹಿಸುತ್ತಿದ್ದರು. ಹೋಮ್ಸ್ ಹುಟ್ಟಿದ್ದೇ ಆ ಓಪಿಡಿಯಲ್ಲಿ ಅನ್ನಬಹುದು. 1900ರ ಬೋಯರ್ ಯುದ್ಧದಲ್ಲಿ ಡಾಯ್ಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಮತ್ತೆ ವೈದ್ಯರಾಗಿ ದುಡಿದರು.

ಇನ್ನೊಂದು ಮಾತು. ಹೋಮ್ಸ್ ಕಥೆಗಳೂ ಬೇಗನೇ ಬೇಸರ ತಂದವು. 1893ರಲ್ಲೇ ಹೋಮ್ಸ್‌ನನ್ನು ಕಥೆಯಲ್ಲಿ ಸಾಯಿಸಿಬಿಟ್ಟರು! ಸ್ಪ್ರಿಂಟ್ ಮೇಲೆ ಸ್ಪ್ರಿಂಟ್ ಓಡಿ ಸುಸ್ತಾದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ.

ಇಷ್ಟು ಹೇಳಿ ತಮ್ಮನಿಗೆ ಕೇಳಿದೆ: "ನಿನಗೆ ಸಾಕಾಗಿರೋದು ವೈದ್ಯಕೀಯವಾ, ಅಥವಾ ಆ ಆಸ್ಪತ್ರೆಯ ನೈಟ್ ಡ್ಯೂಟಿಯಾ?" ಸ್ವಲ್ಪ ಹೊತ್ತು ಸುಮ್ಮನಿದ್ದ. "ಅದೇ ಗೊತ್ತಾಗ್ತಿಲ್ಲ ಅಣ್ಣಾ" ಅಂದ. ಮೊದಲು ಅದನ್ನ ಕಂಡುಕೋ, ಕೆಲಸ ಆಮೇಲೆ ಬಿಡು ಅಂದೆ. ಪೈಥಾನ್ ಪಾಠ ಮಾತ್ರ ಭಾನುವಾರ ಭಾನುವಾರ ನಡೀತಾ ಇದೆ.