ಎರಿ ಹೊಲ ಮತ್ತು ಕಾಗದದ ನೀರಾವರಿ

ನವಲಗುಂದ, ನರಗುಂದಗಳ ಬಂಡಾಯವನ್ನು ಕರ ನಿರಾಕರಣೆ ಚಳವಳಿ ಎಂದು ಕರೆದು ಸುಮ್ಮನಾಗುವುದು ರೂಢಿ. 1980ರ ಜುಲೈ 21ರಂದು ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಎಂಬ ರೈತರು ಪೊಲೀಸರ ಗುಂಡಿಗೆ ಬಲಿಯಾದರು. ನರಗುಂದದಲ್ಲಿ ರೊಚ್ಚಿಗೆದ್ದ ಜನರ ಕೈಗೆ ಸಿಕ್ಕ ಪೊಲೀಸರೂ ಸತ್ತರು. ಆ ಜಗಳದ ಬೇರು ಮಣ್ಣಿನಲ್ಲಿದೆ ಎಂಬುದು ನನ್ನ ವಾದ. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟೆಯಿಂದ ಕಾಲುವೆ ತೋಡಿದ ಯೋಜನೆ ಇಲ್ಲಿಯ ಎರಿ ಹೊಲವನ್ನು, ಅಂದರೆ ಕಪ್ಪು ಮಣ್ಣಿನ ನೆಲವನ್ನು, ಬರೀ ಒಣನೆಲವೆಂದು ಎಣಿಸಿತು. ಎರಿಗೆ ತನ್ನದೇ ನೀರಾವರಿ ಇದೆ. ಬೇಸಿಗೆಯಲ್ಲಿ ತೋಳು ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆನೀರು ಆ ಬಿರುಕುಗಳಲ್ಲೇ ಇಳಿದು ತಳದ ಮಣ್ಣಿನಲ್ಲಿ ನಿಲ್ಲುತ್ತದೆ. ರೈತ ಒಡ್ಡು ಹಾಕಿ ಹರಿವು ತಡೆದು, ಹಿಂಗಾರಿಗೆ ಕೂರಿಗೆ ಹೂಡಿ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುತ್ತಾನೆ. ಪೈರೆದ್ದ ಮೇಲೆ ಎಡೆ ಹೊಡೆದು ಮೇಲ್ಮಣ್ಣು ಪುಡಿ ಮಾಡಿದರೆ ಬಿರುಕು ಮುಚ್ಚಿ ತೇವ ಒಳಗೇ ಉಳಿಯುತ್ತದೆ. ಇಂಥ ನೆಲ ಕೇಳುವುದು ಮಳೆ ಕೈಕೊಟ್ಟ ವರ್ಷ ಒಂದೆರಡು ನೀರು, ಅಷ್ಟೇ. ಕಾಲುವೆ ಬಂದ ಮೇಲೆ ನೀರು ಹೆಚ್ಚಾದ ಕಡೆ ಬಸಿಯಲು ದಾರಿ ಕಾಣದ ಜಿಗುಟು ಮಣ್ಣು ಸವಳು-ಜವಳಾಯಿತು; ಕಾಲುವೆಯ ಕೊನೆಯ ಹೊಲಗಳಿಗೆ ನೀರೇ ಮುಟ್ಟಲಿಲ್ಲ. ಕಾಗದದಲ್ಲಿ ಎರಡಕ್ಕೂ ಒಂದೇ ಹೆಸರು, ನೀರಾವರಿ ಜಮೀನು. ಅಭಿವೃದ್ಧಿ ಕರ ಬಿದ್ದದ್ದು ಆ ಹೆಸರಿನ ಮೇಲೆ.

ಸರ್ಕಾರದ ದುಡ್ಡಿನಲ್ಲಿ ಕಟ್ಟಿದ ಕಾಲುವೆಯಿಂದ ಗಳಿಸಿದವನು ಒಂದು ಪಾಲು ಕೊಡಬಾರದೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ಬಿ. ಎಚ್. ಕಟರಕಿ ಅವರ ವರಲಕ್ಷ್ಮಿ ಹತ್ತಿ ಹೊರಬಂತು; ಹೊಸ ನೀರು, ಹೊಸ ಬೀಜ ಜೊತೆಗೂಡಿ ಕೆಲವು ವರ್ಷ ಚೆನ್ನಾಗಿಯೇ ಹಣ ತಂದವು. ಆದರೆ ಜೋಳದ ಬೀಜ ಮನೆಯ ಹಗೇವಿನದು, ವರಲಕ್ಷ್ಮಿಗೆ ಬೀಜ, ಗೊಬ್ಬರ, ಔಷಧಿ ಎಲ್ಲವೂ ಅಂಗಡಿಯದು. ದರ ಕುಸಿದಾಗ ಕೈಯಲ್ಲಿ ಉಳಿದದ್ದು ಸಾಲ, ಕರದ ವಸೂಲಿ ಬಿಗಿಯಾದದ್ದೂ ಅದೇ ಹೊತ್ತಿಗೆ. ಭೂಮಿಯ ಬೆಲೆ ಏರಿದೆ ಎಂಬುದೇ ಈ ಕರಕ್ಕೆ ಆಧಾರವಾಗಿತ್ತು. ಹೊಲ ಮಾರದವನಿಗೆ ಏರಿದ ಬೆಲೆಯಿಂದ ಒಂದು ಕಾಸೂ ಹುಟ್ಟುವುದಿಲ್ಲ. ಇದು ದೊಡ್ಡ ಹಿಡುವಳಿದಾರರ ಚಳವಳಿ ಎಂಬ ಇನ್ನೊಂದು ಆಕ್ಷೇಪದಲ್ಲಿ ಅರ್ಧ ಸತ್ಯವಿದೆ: ಹೆಚ್ಚು ಎಕರೆ ಇದ್ದವನಿಗೇ ಹೆಚ್ಚು ಕರ ಉಳಿಯಿತು, ಕೂಲಿಯವನಿಗೆ ದಕ್ಕಿದ್ದೇನೂ ಇಲ್ಲ. ಆದರೂ ಕೆಲವೇ ದೊಡ್ಡವರ ಸಿಟ್ಟಾಗಿದ್ದರೆ ಮಲಪ್ರಭೆಯ ನೀರೇ ಕಾಣದ ಊರುಗಳಿಗೂ ಅದು ಹಬ್ಬುತ್ತಿರಲಿಲ್ಲ, 1980ರಲ್ಲೇ ಶಿವಮೊಗ್ಗದಲ್ಲಿ ರಾಜ್ಯ ರೈತ ಸಂಘ ಕಟ್ಟುವ ಹುಮ್ಮಸ್ಸನ್ನೂ ಕೊಡುತ್ತಿರಲಿಲ್ಲ.

ಕರ ನಿಂತಿತು, ನೀರಿನ ಲೆಕ್ಕ ಹಾಗೇ ಉಳಿಯಿತು. 37.73 ಟಿಎಂಸಿ ಅಡಿಯ ಜಲಾಶಯ ಎಷ್ಟೋ ವರ್ಷ ತುಂಬಲೇ ಇಲ್ಲ. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೂ ಅದೇ ನೀರು ಬೇಕಾಯಿತು. 2015ರಲ್ಲಿ ಮಹದಾಯಿ ನದಿಗೆ ಸೇರುವ ಕಳಸಾ, ಬಂಡೂರಿ ಹಳ್ಳಗಳ ನೀರು ಮಲಪ್ರಭೆಗೆ ಬರಲೆಂದು ರೈತರು ಧರಣಿ ಕೂತದ್ದು ಅದೇ ನರಗುಂದದಲ್ಲಿ. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಆ ಎರಡು ಹಳ್ಳಗಳಿಂದ 3.9 ಟಿಎಂಸಿ ತಿರುಗಿಸಲು ಒಪ್ಪಿತು, ಕುಡಿಯುವ ನೀರಿಗೆಂದು.