ಬೇಲಿಯಾಚೆಯಿಂದ ಕಂಡ ಗುಲಾಬಿ ಚುಕ್ಕೆ

ಸಿಂಗಪುರದ ಕ್ಲಾರ್ಕ್ ಕೀ ಎಂಆರ್‌ಟಿ ನಿಲ್ದಾಣದ ಹತ್ತಿರ ಹಾಂಗ್ ಲಿಮ್ ಪಾರ್ಕ್ ಅಂತ ಒಂದು ಸಣ್ಣ ಉದ್ಯಾನವಿದೆ. ಇಲ್ಲಿನ ಪ್ರಜೆಗಳು ಪೊಲೀಸ್ ಪರ್ಮಿಟ್ ಇಲ್ಲದೆ ಬಹಿರಂಗವಾಗಿ ಪ್ರತಿಭಟನೆ ಮಾಡಬಹುದಾದ ಜಾಗ ಇದೊಂದೇ. ಪಿಂಕ್ ಡಾಟ್ ನಡೆಯುವುದೂ ಇಲ್ಲೇ. ಗುಲಾಬಿ ಬಟ್ಟೆ ತೊಟ್ಟ ಸಾವಿರಾರು ಜನ ಹುಲ್ಲಿನ ಮೇಲೆ ಕೂತು ಹಾಡು ಕೇಳುತ್ತಾರೆ, ಕತ್ತಲಾದ ಮೇಲೆ ಕೈಯಲ್ಲಿ ದೀಪ ಹಿಡಿದು ನಿಲ್ಲುತ್ತಾರೆ. ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ಜನ, ಅವರ ಅಪ್ಪ ಅಮ್ಮಂದಿರು, ಗೆಳೆಯರು ಎಲ್ಲರೂ ಇರುತ್ತಾರೆ.

ನಾನು ಮಾತ್ರ ಒಳಗೆ ಹೋಗೋ ಹಾಗಿಲ್ಲ. ನನ್ನ ಹತ್ತಿರ ಇರೋದು ವರ್ಕ್ ಪಾಸ್. 2017ರಿಂದ ಪ್ರಜೆಗಳು ಮತ್ತು ಪಿಆರ್ ಇರುವವರಿಗೆ ಮಾತ್ರ ಪ್ರವೇಶ. ಕಾನೂನಿನ ಪ್ರಕಾರ ಒಳಗೆ ಸುಮ್ಮನೆ ನಿಂತು ನೋಡಿದರೂ ಭಾಗವಹಿಸಿದ ಹಾಗೇ. ಹಾಗಾಗಿ ನಾನು ನೋಡಿದ್ದು ರಸ್ತೆಯ ಆಚೆ ಬದಿಯಿಂದ.

ಅವತ್ತು ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಮ್ಮ ಕೇಳಿದರು: "ಅವರವರ ಮನೆ ವಿಷಯ ಅವರವರಿಗೆ ಬಿಡಪ್ಪ. ಅದನ್ನ ಬೀದೀಲಿ ಯಾಕೆ ಹಬ್ಬ ಮಾಡ್ಬೇಕು?"

ಒಂದು ಕಾಲಕ್ಕೆ ನನ್ನ ಪ್ರಶ್ನೆಯೂ ಇದೇ ಆಗಿತ್ತು. ಉತ್ತರ ಹುಡುಕಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಭಾರತೀಯ ದಂಡ ಸಂಹಿತೆಯ ಕರಡನ್ನು ಮೆಕಾಲೆ ನೇತೃತ್ವದ ಆಯೋಗ 1837ರಲ್ಲಿ ಸಿದ್ಧಪಡಿಸಿತು. ಅದು ಕಾನೂನಾಗಿದ್ದು 1860ರಲ್ಲಿ, ಜಾರಿಗೆ ಬಂದಿದ್ದು 1862ರಲ್ಲಿ. 'ಪ್ರಕೃತಿಗೆ ವಿರುದ್ಧ'ವಾದ ಸಂಬಂಧ ಅಪರಾಧ, ಜೀವಾವಧಿಯವರೆಗೂ ಶಿಕ್ಷೆ ಕೊಡಬಹುದು ಎಂದ ಸೆಕ್ಷನ್ 377 ಅದರಲ್ಲಿತ್ತು. ಆಗ ಸಿಂಗಪುರ, ಪೆನಾಂಗ್, ಮಲಕ್ಕಾ ಸೇರಿದ ಸ್ಟ್ರೈಟ್ಸ್ ಸೆಟ್ಲ್‌ಮೆಂಟ್ಸ್ ಕೂಡ ಕಲ್ಕತ್ತಾದ ಆಡಳಿತದ ಅಡಿಯಲ್ಲೇ ಇದ್ದವು. 1867ರಲ್ಲಿ ಅವು ಬೇರೆಯಾದವು. ಆದರೂ 1871ರಲ್ಲಿ ತಮ್ಮದೇ ದಂಡ ಸಂಹಿತೆ ಮಾಡಿಕೊಳ್ಳುವಾಗ ನಮ್ಮಲ್ಲಿನದನ್ನೇ ಮಾದರಿಯಾಗಿ ಇಟ್ಟುಕೊಂಡರು. ಕಲಮಿನ ಸಂಖ್ಯೆ ಕೂಡ ಅದೇ, 377.

1938ರಲ್ಲಿ ಬ್ರಿಟಿಷರು ಅದಕ್ಕೆ 377ಎ ಸೇರಿಸಿದರು. ಅದು ಗಂಡಸರಿಗೆ ಮಾತ್ರ ಅನ್ವಯ, ಎರಡು ವರ್ಷದವರೆಗೆ ಜೈಲು. ಅದರ ಒಕ್ಕಣೆಯಲ್ಲಿ ಗಮನಿಸಬೇಕಾದ ಒಂದು ಮಾತಿದೆ: ಕೃತ್ಯ ಬಹಿರಂಗವಾಗಿ ನಡೆದರೂ ಸರಿ, ಖಾಸಗಿಯಾಗಿ ನಡೆದರೂ ಸರಿ, ಅಪರಾಧವೇ. ಅಂದರೆ ಮನೆ ವಿಷಯವನ್ನು ಮನೆಯೊಳಗೆ ಬಿಡದೆ ಕೋರ್ಟಿಗೆ ಎಳೆದದ್ದು ಮೊದಲು ಸರ್ಕಾರ. ಜನ ಬೀದಿಗೆ ಬಂದಿದ್ದು ಆಮೇಲೆ, ತುಂಬಾ ತಡವಾಗಿ.

2007ರಲ್ಲಿ ಸಿಂಗಪುರ ಹಳೆಯ 377 ಅನ್ನು ತೆಗೆದುಹಾಕಿತು. 377ಎ ಮಾತ್ರ ಹಾಗೇ ಉಳಿಯಿತು. ಇರುತ್ತದೆ, ಆದರೆ ನಾವಾಗಿ ಹೋಗಿ ಯಾರ ಮೇಲೂ ಹಾಕುವುದಿಲ್ಲ ಎಂದಿತು ಸರ್ಕಾರ. 2008ರಲ್ಲಿ ಸ್ಪೀಕರ್ಸ್ ಕಾರ್ನರ್ ನಿಯಮ ಸಡಿಲವಾಯಿತು. ಮರುವರ್ಷ, 2009ರ ಮೇ 16ರಂದು, ಮೊದಲ ಪಿಂಕ್ ಡಾಟ್ ನಡೆಯಿತು. ಯಾಕೆ ಗುಲಾಬಿ? ಇಲ್ಲಿನ ಬಾವುಟದ ಕೆಂಪು ಬಿಳುಪು ಬೆರೆಸಿದರೆ ಬರುವ ಬಣ್ಣ ಅದು. ಪ್ರಜೆಗಳ ಗುರುತಿನ ಚೀಟಿಯ ಬಣ್ಣವೂ ಅದೇ. ನಾವೂ ಈ ದೇಶದವರೇ ಅಂತ ಹೇಳೋಕೆ ಇದಕ್ಕಿಂತ ಒಳ್ಳೆ ಬಣ್ಣ ಸಿಗಲಿಕ್ಕಿಲ್ಲ.

ಆಯೋಜಕರ ಲೆಕ್ಕದಲ್ಲಿ ಮೊದಲ ವರ್ಷ ಸುಮಾರು 2,500 ಜನ, 2015ರಲ್ಲಿ 28,000. ಬೇಲಿ ಹಾಕಿದ 2017ರಲ್ಲಿ 20,000. ಗ್ರಾಫ್ ಹಾಕಿದರೆ ಬೆಂಬಲ ಕುಸಿದ ಹಾಗೆ ಕಾಣುತ್ತೆ. ನನ್ನ ಕೆಲಸವೇ ಡೇಟಾ ಆದ್ದರಿಂದ ಹೇಳ್ತೀನಿ, ಈ ಎರಡು ಸಂಖ್ಯೆಗಳನ್ನು ಹೋಲಿಸೋ ಹಾಗಿಲ್ಲ. ಮೊದಲನೆಯದರಲ್ಲಿ ವಿದೇಶಿಯರೂ ಇದ್ದರು, ಎರಡನೆಯದರಲ್ಲಿ ಇಲ್ಲ. ವಿದೇಶಿ ಕಂಪನಿಗಳ ಪ್ರಾಯೋಜಕತ್ವಕ್ಕೆ ತಡೆ ಬಿದ್ದಾಗ ನೂರಕ್ಕೂ ಹೆಚ್ಚು ಸ್ಥಳೀಯ ಕಂಪನಿಗಳು ಮುಂದೆ ಬಂದವು ಅನ್ನೋದನ್ನೂ ಪಕ್ಕದಲ್ಲಿ ಇಟ್ಟು ನೋಡಬೇಕು. ಜೂನ್ ತಿಂಗಳಲ್ಲಿ ಲೋಗೋಗೆ ಕಾಮನಬಿಲ್ಲು ಬಳಿದು ಜುಲೈನಲ್ಲಿ ಒರೆಸಿಹಾಕುವ ಕಂಪನಿಗಳ ಮೇಲೆ ನನಗೆ ಈಗಲೂ ನಂಬಿಕೆ ಇಲ್ಲ. ಆದರೆ ಈ ಸಣ್ಣ ಕಂಪನಿಗಳಿಗೆ ಅದು ಬರೀ ಜಾಹೀರಾತಾಗಿತ್ತು ಅಂತ ನನಗನಿಸೋದಿಲ್ಲ.

ಭಾರತದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ನಡೆಸುವ ಸಂಬಂಧವನ್ನು 377ರಿಂದ ಹೊರಗಿಟ್ಟಿತು. ಇಲ್ಲಿನ ಸಂಸತ್ತು 2022ರ ನವೆಂಬರ್ 29ರಂದು 377ಎ ರದ್ದು ಮಾಡಿತು. ಜೊತೆಗೇ, ಮದುವೆಯ ವ್ಯಾಖ್ಯೆಯನ್ನು ಕೋರ್ಟಿನಲ್ಲಿ ಪ್ರಶ್ನಿಸಲಾಗದಂತೆ ಸಂವಿಧಾನವನ್ನೂ ತಿದ್ದಿತು.

ಇಷ್ಟನ್ನೂ ಅಮ್ಮನಿಗೆ ಹೇಳಬಹುದಿತ್ತು. ಆದರೆ ನಾನು ಹೇಳಿದ್ದು ಬೇರೆ ಕತೆ.

2013ರ ಡಿಸೆಂಬರ್ 11. ನಾನಾಗ ಇಂಜಿನಿಯರಿಂಗ್ ಕೊನೆಯ ವರ್ಷ. ದೆಹಲಿ ಹೈಕೋರ್ಟ್ 2009ರಲ್ಲಿ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿ 377 ಅನ್ನು ಮತ್ತೆ ಜೀವಂತ ಮಾಡಿದ ದಿನ. ಹಾಸ್ಟೆಲ್ ಮೆಸ್ಸಿನ ಟಿವಿಯಲ್ಲಿ ಸುದ್ದಿ ಬರ್ತಿತ್ತು. ಯಾರೋ ಒಂದು ಜೋಕ್ ಹೊಡೆದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ರೂಮ್‌ಮೇಟ್ ಅರ್ಧ ತಟ್ಟೆ ಅನ್ನ ಹಾಗೇ ಬಿಟ್ಟು ಎದ್ದು ಹೋದ. ಹುಷಾರಿಲ್ಲ ಅಂದ್ಕೊಂಡೆ.

ಐದು ವರ್ಷದ ಮೇಲೆ, 2018ರ ತೀರ್ಪು ಬಂದ ರಾತ್ರಿ, ಅವನೇ ಫೋನ್ ಮಾಡಿದ. "ಅವತ್ತು ನೀನೂ ನಕ್ಕಿದ್ದೆ ಕಣೋ" ಅಂದ. ಬೈಗುಳ ಇರಲಿಲ್ಲ ಅದರಲ್ಲಿ, ಸುಮ್ಮನೆ ಹೇಳಿದ. ಆಮೇಲೆ ಇನ್ನೊಂದು ವಿಷಯ ಹೇಳಿದ. 2008ರ ಜೂನ್ 29ರಂದು ಬೆಂಗಳೂರು, ದೆಹಲಿ, ಕೋಲ್ಕತ್ತಾ ಮೂರೂ ಕಡೆ ಒಂದೇ ದಿನ ಪ್ರೈಡ್ ಮೆರವಣಿಗೆ ನಡೆದಿತ್ತು. ಇವನಾಗ ದಾವಣಗೆರೆಯಲ್ಲಿ ಹತ್ತನೇ ಕ್ಲಾಸು. ಪೇಪರಿನಲ್ಲಿ ಫೋಟೋ ನೋಡಿದ್ದನಂತೆ. "ಅದರಲ್ಲಿ ಎಷ್ಟು ಜನ ಇದಾರೆ ಅಂತ ಒಬ್ಬೊಬ್ಬರನ್ನೇ ಎಣಿಸಿದೆ. ಅಲ್ಲೀವರೆಗೂ ನನ್ನ ಲೆಕ್ಕದಲ್ಲಿ ನಾನೊಬ್ನೇ ಇದ್ದೆ" ಅಂದ.

ಬೀದಿಯಲ್ಲಿ ಹಬ್ಬ ಯಾಕೆ ಅಂದರೆ ನನ್ನ ಉತ್ತರ ಈ ಹುಡುಗ. ಬಂದವರ ತಲೆ ಎಣಿಸೋದು ಸುಲಭ. ಬರಲಾಗದೆ ದೂರದ ಊರಲ್ಲಿ ಕೂತು ಆ ಫೋಟೋ ನೋಡಿದವರ ಲೆಕ್ಕ ಯಾವ ಡೇಟಾದಲ್ಲೂ ಸಿಗೋದಿಲ್ಲ. ಹಬ್ಬ ಅವರಿಗೂ ಸೇರಿದ್ದು.

ಅವನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಹೆಸರು ಬೇಡ ಅಂದ.

ಕತೆ ಕೇಳಿ ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದರು, "ಆ ಹುಡುಗ ಊಟ ಬಿಟ್ಟು ಎದ್ದು ಹೋದಾಗ ನೀನು ಹಿಂದೇನೇ ಹೋಗಿ ಕರೀಲಿಲ್ವಾ?"

"ಇಲ್ಲಮ್ಮ," ಅಂದೆ. "ಕರೀಲಿಲ್ಲ."