ಪ್ರವೇಶ ಪರೀಕ್ಷೆಗಳ ಇಂಗ್ಲಿಷ್ ಗದ್ಯಗ್ರಹಿಕೆ

ಕಾಲೇಜು ಸೇರಬಯಸುವವರಿಗೆ ಅವರು ಹಿಂದೆ ಓದಿರದ ಒಂದು ಇಂಗ್ಲಿಷ್ ಗದ್ಯಭಾಗವನ್ನು ಕೊಟ್ಟು, ಅದರ ಮೇಲೆ ಪ್ರಶ್ನೆ ಕೇಳಿ, ಓದಿದ್ದು ಎಷ್ಟು ದಕ್ಕಿದೆಯೆಂದು ಅಳೆಯುವ ಪರೀಕ್ಷಾಕ್ರಮ. ಇದು ಅಮೆರಿಕದಲ್ಲಿ 20ನೆಯ ಶತಮಾನದ ಮೊದಲರ್ಧದಲ್ಲಿ ತನ್ನ ಪರಿಚಿತ ರೂಪಕ್ಕೆ ಬಂತು. ಬೇರೆ ಬೇರೆ ದಾರಿಗಳಿಂದ ಪೂರ್ವ ಏಷ್ಯಾದಲ್ಲಿ ಮತ್ತು ಭಾರತದಲ್ಲಿಯೂ ನೆಲೆಯೂರಿತು. ಬಾಯಿಪಾಠ ಮಾಡಿ ಬಂದು ಒಪ್ಪಿಸುವುದನ್ನು ತಡೆಯುವುದು ಇದರ ಮುಖ್ಯ ಉದ್ದೇಶಗಳಲ್ಲೊಂದು. ಆದರೆ ಪರೀಕ್ಷೆಯ ಅಚ್ಚು ಜನಕ್ಕೆ ತಿಳಿದೊಡನೆ ಆ ಅಚ್ಚಿಗೇ ಅಭ್ಯಾಸ ಮಾಡುವವರು ಹುಟ್ಟಿಕೊಂಡರು. ಅಭ್ಯಾಸ ಪಳಗಿದಾಗಲೆಲ್ಲ ಪರೀಕ್ಷೆಯೂ ತನ್ನ ರೂಪ ಬದಲಿಸಿಕೊಂಡಿತು. ಈ ಪರೀಕ್ಷೆಯ ಚರಿತ್ರೆಯನ್ನು ಅದರ ತಯಾರಿಯ ಚರಿತ್ರೆಯಿಂದ ಬೇರ್ಪಡಿಸಿ ಹೇಳಲು ಬಾರದು.

ನಿಗದಿತ ಪುಸ್ತಕಗಳ ಕಾಲ

ಮೊದಲು ಪರೀಕ್ಷೆಗೆ ಬರುತ್ತಿದ್ದುದು ಗೊತ್ತಿರುವ ಪುಸ್ತಕ. ಹಾರ್ವರ್ಡ್ ಕಾಲೇಜು 1874ರಲ್ಲಿ ಪ್ರವೇಶಾರ್ಥಿಗಳಿಂದ ಇಂಗ್ಲಿಷಿನಲ್ಲಿ ಒಂದು ಚಿಕ್ಕ ಪ್ರಬಂಧ ಬರೆಸತೊಡಗಿತು. ವಿಷಯವನ್ನು ಮುಂಚಿತವಾಗಿ ಗೊತ್ತುಮಾಡಿದ ಷೇಕ್ಸ್‌ಪಿಯರ್, ಸ್ಕಾಟ್, ಗೋಲ್ಡ್‌ಸ್ಮಿತ್ ಮೊದಲಾದವರ ಕೃತಿಗಳಿಂದ ಆರಿಸುತ್ತಿದ್ದರು. ಒಂದೊಂದು ಕಾಲೇಜಿಗೂ ಒಂದೊಂದು ಪಟ್ಟಿಯಿದ್ದುದರಿಂದ ಪ್ರೌಢಶಾಲೆಯ ಉಪಾಧ್ಯಾಯರು ಒಂದೇ ತರಗತಿಯಲ್ಲಿ ಹಲವು ಪಟ್ಟಿಗಳಿಗೆ ಮಕ್ಕಳನ್ನು ಅಣಿಗೊಳಿಸಬೇಕಾಗಿತ್ತು. ಈ ಗೊಂದಲವನ್ನು ನೀಗಲು, ಹಲವು ಕಾಲೇಜುಗಳಿಗೆ ಒಂದೇ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1900ರಲ್ಲಿ ಹುಟ್ಟಿತು. ಅದರ ಮೊದಲ ಸಾಮಾನ್ಯ ಪರೀಕ್ಷೆಯನ್ನು 1901ರ ಜೂನ್‌ನಲ್ಲಿ 973 ಮಂದಿ ಬರೆದರು. ಉತ್ತರಗಳೆಲ್ಲ ಪ್ರಬಂಧರೂಪದವು, ಓದಿ ಅಂಕ ಹಾಕುವವರು ಅಧ್ಯಾಪಕರು. ಈ ಕ್ರಮದಲ್ಲಿ ಕತೆಯ ಸಾರಾಂಶ, ಪಾತ್ರಗಳ ಗುಣ, ಕವಿಯ ಜೀವನ ಇವನ್ನು ಉರು ಹೊಡೆದವರು ಪುಸ್ತಕವನ್ನು ಮನಸ್ಸಿಟ್ಟು ಓದದೆಯೂ ದಾಟಿಬಿಡಬಹುದಾಗಿತ್ತು.

ಓದು ಎಂಬ ಆಲೋಚನೆ

ಅದೇ ಕಾಲದ ಶಾಲೆಗಳಲ್ಲಿ ಓದು ಎಂದರೆ ಬಹುಮಟ್ಟಿಗೆ ಗಟ್ಟಿಯಾಗಿ, ಸ್ಪಷ್ಟವಾಗಿ ಓದಿ ಹೇಳುವುದು. ಮನಸ್ಸಿನಲ್ಲೇ ಓದಿಕೊಂಡವನಿಗೆ ಏನು ಅರ್ಥವಾಯಿತೆಂದು ತಿಳಿಯುವ ಪ್ರಯತ್ನಗಳು 1910ರ ದಶಕದಲ್ಲಿ ಶುರುವಾದವು. ಕ್ಯಾನ್ಸಸ್‌ನ ಫ್ರೆಡರಿಕ್ ಕೆಲ್ಲಿ 1915ರ ಸುಮಾರಿಗೆ ರೂಪಿಸಿದ ಮೌನವಾಚನ ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ಒಂದೇ ಸರಿಯುತ್ತರ. ವಿದ್ಯಾರ್ಥಿ ಗುರುತು ಹಾಕಿದರೆ ಸಾಕು. ಬಹು ಆಯ್ಕೆ ಪ್ರಶ್ನೆಯ ಮೂಲವನ್ನು ಸಾಮಾನ್ಯವಾಗಿ ಇಲ್ಲಿಯೇ ಗುರುತಿಸುತ್ತಾರೆ.

ಅದಕ್ಕಿಂತ ಆಳವಾದ ಕೆಲಸ ಕೊಲಂಬಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಅವರದು. 1917ರಲ್ಲಿ ಅವರು ಪ್ರಕಟಿಸಿದ ಲೇಖನ ಮಕ್ಕಳ ಸರಿಯುತ್ತರಗಳನ್ನು ಬಿಟ್ಟು ತಪ್ಪುತ್ತರಗಳನ್ನೇ ಹಿಡಿದು ಪರಿಶೀಲಿಸಿತು. ಅವರು ಕೊಟ್ಟ ಒಂದು ಗದ್ಯಭಾಗ ಫ್ರ್ಯಾಂಕ್ಲಿನ್ ಎಂಬ ಊರಿನ ಶಾಲಾ ಹಾಜರಾತಿಯ ನಿಯಮದ ಕುರಿತದ್ದು: ಏಳರಿಂದ ಹದಿನಾಲ್ಕು ವರ್ಷದ ಮಕ್ಕಳೆಲ್ಲ ಬರಲೇಬೇಕು, ಮಗುವಿಗೆ ತೀರಾ ಕಾಯಿಲೆಯಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಅಂಟುರೋಗವಿದ್ದರೆ, ಇಲ್ಲವೆ ರಸ್ತೆಯಲ್ಲಿ ಹೋಗಲು ಆಗದಿದ್ದರೆ ಮಾತ್ರ ವಿನಾಯಿತಿ. ಇದರ ವಿಷಯವೇನೆಂದು ಕೇಳಿದಾಗ ಕೆಲವರು ಊರಿನ ಹೆಸರನ್ನಷ್ಟೇ ಬರೆದರು, ಕೆಲವರು ಶಾಲೆ ಎಂದರು, ಇನ್ನು ಕೆಲವರು ಕಾಯಿಲೆಯನ್ನು ಹಿಡಿದುಕೊಂಡರು. ಪದಗಳು ಅವರಿಗೆ ಗೊತ್ತಿದ್ದವು. ಯಾವ ಪದಕ್ಕೆ ಎಷ್ಟು ತೂಕ ಕೊಡಬೇಕು, ಯಾವುದನ್ನು ಯಾವುದಕ್ಕೆ ಜೋಡಿಸಬೇಕು ಎಂಬುದು ಗೊತ್ತಿರಲಿಲ್ಲ. ಗದ್ಯವನ್ನು ಅರ್ಥಮಾಡಿಕೊಳ್ಳುವುದು ಗಣಿತದ ಲೆಕ್ಕ ಬಿಡಿಸುವಂಥದೇ ಒಂದು ಆಲೋಚನೆ ಎಂಬ ತೀರ್ಮಾನಕ್ಕೆ ಥಾರ್ನ್‌ಡೈಕ್ ಬಂದರು. ಈ ವಿಷಯದಲ್ಲಿ ಇದಕ್ಕಿಂತ ಕಣ್ಣು ತೆರೆಸುವ ಬರಹ ಅಪರೂಪ. ಮಗು ಎಲ್ಲಿ ಎಡವುತ್ತದೆ ಎಂಬ ಆ ಕಾಳಜಿ ಮುಂದೆ ಲಕ್ಷಾಂತರ ಮಂದಿಯ ಪ್ರವೇಶ ಪರೀಕ್ಷೆಗಳಿಗೆ ಅಷ್ಟಾಗಿ ಇಳಿದು ಬರಲಿಲ್ಲ. ಅಲ್ಲಿ ಉಳಿದದ್ದು ಗದ್ಯ, ಪ್ರಶ್ನೆ ಮತ್ತು ಅಂಕ.

ಎಸ್‌ಎಟಿ

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ನಡೆಸಿದ ಬುದ್ಧಿಮಾಪನ ಪರೀಕ್ಷೆಗಳಲ್ಲಿ ಕೆಲಸ ಮಾಡಿದ್ದ ಪ್ರಿನ್ಸ್‌ಟನ್ನಿನ ಕಾರ್ಲ್ ಬ್ರಿಗಮ್ ಅವರಿಗೆ ಕಾಲೇಜ್ ಬೋರ್ಡ್ ಹೊಸ ಪರೀಕ್ಷೆಯ ಹೊಣೆ ವಹಿಸಿತು. ಜನಾಂಗಗಳ ನಡುವೆ ಬುದ್ಧಿಯ ಮೇಲುಕೀಳು ಇದೆಯೆಂದು 1923ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದವರು ಇವರೇ. 1930ರಲ್ಲಿ ಆ ವಾದಕ್ಕೆ ಆಧಾರವಿಲ್ಲವೆಂದು ತಾವೇ ಹಿಂತೆಗೆದುಕೊಂಡರು. ಹೊಸ ಪರೀಕ್ಷೆಯಾದ ಎಸ್‌ಎಟಿಯನ್ನು 1926ರ ಜೂನ್ 23ರಂದು 8,040 ಮಂದಿ ಬರೆದರು. 97 ನಿಮಿಷ, 315 ಪ್ರಶ್ನೆ. ಒಂದಕ್ಕೆ ಇಪ್ಪತ್ತು ಸೆಕೆಂಡೂ ಸಿಗದು. ಒಂಬತ್ತು ಭಾಗಗಳಲ್ಲಿ ಕೊನೆಯದು ಗದ್ಯದ ಓದು. ಅದರಲ್ಲಿ ಚಿಕ್ಕ ಚಿಕ್ಕ ಪರಿಚ್ಛೇದಗಳಿದ್ದವು. ಒಂದೊಂದರಲ್ಲೂ ಇಡೀ ಅರ್ಥವನ್ನು ಕೆಡಿಸುವ ಪದವೊಂದನ್ನು ಸೇರಿಸಿಟ್ಟಿದ್ದರು. ಅದನ್ನು ಹುಡುಕುವುದೇ ಪರೀಕ್ಷೆ.

ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಹಳೆಯ ಪ್ರಬಂಧ ಪರೀಕ್ಷೆಗಳು ನಿಂತವು. ಎಸ್‌ಎಟಿಯೇ ಮುಖ್ಯ ಪ್ರವೇಶ ಪರೀಕ್ಷೆಯಾಯಿತು. 1946ರಲ್ಲಿ ಪದ ಹುಡುಕುವ ಭಾಗವನ್ನು ತೆಗೆದು, ಗದ್ಯ ಓದಿ ಹಲವು ಪ್ರಶ್ನೆಗಳಿಗೆ ಉತ್ತರಿಸುವ ಭಾಗವನ್ನು ತಂದರು. ಇಂದು ಪಿಯು ವಿದ್ಯಾರ್ಥಿಯೊಬ್ಬರು ನೋಡಿದರೂ ಗುರುತು ಹಿಡಿಯಬಲ್ಲ ರೂಪ ಅದು.

ಅದೇ 1946ರಲ್ಲಿ ಬ್ರೂಕ್ಲಿನ್‌ನ ಸ್ಟ್ಯಾನ್ಲಿ ಕಪ್ಲನ್ ಎಸ್‌ಎಟಿಗೆ ಪಾಠ ಹೇಳಲು ತೊಡಗಿದರು. 1938ರಿಂದಲೇ ಮನೆಪಾಠ ಮಾಡುತ್ತಿದ್ದ ಅವರ ಶಿಷ್ಯರಲ್ಲಿ ವಲಸೆ ಬಂದ ಸಾಧಾರಣ ಕುಟುಂಬಗಳ ಮಕ್ಕಳು ಬಹಳ. ಪರೀಕ್ಷೆ ಅಳೆಯುವುದು ಸಹಜ ಸಾಮರ್ಥ್ಯವನ್ನು, ಅದಕ್ಕೆ ತಯಾರಿ ಮಾಡಿ ಫಲವಿಲ್ಲ ಎಂಬುದು ಕಾಲೇಜ್ ಬೋರ್ಡ್ ಬಹುಕಾಲ ಹಿಡಿದಿದ್ದ ನಿಲುವು. ಪ್ರಶ್ನೆಪತ್ರಿಕೆಗಳು ಗುಟ್ಟಾಗಿರುತ್ತಿದ್ದವು. ಪರೀಕ್ಷೆ ಮುಗಿಸಿ ಬಂದ ಮಕ್ಕಳಿಗೆ ಕಪ್ಲನ್ ಔತಣ ಕೊಟ್ಟು, ಅವರಿಗೆ ನೆನಪಿದ್ದ ಪ್ರಶ್ನೆಗಳನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. ಅಮೆರಿಕದ ವ್ಯಾಪಾರ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 1979ರ ವರದಿಯಲ್ಲಿ ಕೋಚಿಂಗಿನಿಂದ ಅಂಕ ಸ್ವಲ್ಪಮಟ್ಟಿಗೆ ಏರಬಹುದೆಂದು ಒಪ್ಪಿತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯ, ಪರೀಕ್ಷೆ ಮುಗಿದ ಮೇಲೆ ಪ್ರಶ್ನೆ ಮತ್ತು ಉತ್ತರಗಳನ್ನು ಬಹಿರಂಗಪಡಿಸಬೇಕೆಂಬ ಕಾನೂನು ಮಾಡಿತು. ಅಂದಿನಿಂದ ಹಳೆಯ ಪ್ರಶ್ನೆಪತ್ರಿಕೆಗಳು ಪುಸ್ತಕವಾಗಿ ಅಂಗಡಿಗೆ ಬಂದವು. ಕೋಚಿಂಗಿಗೆ ದುಡ್ಡು ತೆರಲಾರದ ಮಕ್ಕಳಿಗೂ ಅಸಲಿ ಪ್ರಶ್ನೆಗಳು ದೊರೆತದ್ದು ಈ ಚರಿತ್ರೆಯ ದೊಡ್ಡ ತಿರುವು. ಹಾಗೆ ನೋಡಿದರೆ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಪ್ರಶ್ನೆಗಳು ಬಯಲಾದ ಮೇಲೆ ಅವುಗಳ ಹುಳುಕೂ ಬಯಲಾಯಿತು. 1990ರಲ್ಲಿ ಸ್ಟುವರ್ಟ್ ಕಾಟ್ಜ್ ಮತ್ತು ಸಂಗಡಿಗರು ಎಸ್‌ಎಟಿಯ ಗದ್ಯಭಾಗಗಳನ್ನು ಅಡಗಿಸಿ, ಪ್ರಶ್ನೆಗಳನ್ನು ಮತ್ತು ಐದೈದು ಆಯ್ಕೆಗಳನ್ನು ಮಾತ್ರ ವಿದ್ಯಾರ್ಥಿಗಳಿಗೆ ಕೊಟ್ಟರು. ಸುಮ್ಮನೆ ಊಹಿಸಿದರೆ ಐದರಲ್ಲಿ ಒಂದು ಸರಿಯಾಗಬೇಕು. ಅವರ ಉತ್ತರಗಳು ಅದಕ್ಕಿಂತ ಬಹಳ ಹೆಚ್ಚು ಸರಿಯಿದ್ದವು. ಆಯ್ಕೆಗಳ ಧಾಟಿಯಿಂದ, ಲೋಕಜ್ಞಾನದಿಂದ, ಒಂದು ಪ್ರಶ್ನೆ ಇನ್ನೊಂದಕ್ಕೆ ಕೊಡುವ ಸುಳಿವಿನಿಂದ ಗದ್ಯವನ್ನು ಓದದೆಯೇ ಉತ್ತರ ತಲುಪಬಹುದು ಎಂದು ಇದರಿಂದ ತಿಳಿಯಿತು.

1994ರ ಪರಿಷ್ಕರಣೆಯಲ್ಲಿ ವಿರುದ್ಧಪದಗಳನ್ನು ಕೈಬಿಟ್ಟು ಗದ್ಯಗಳನ್ನು ಉದ್ದಗೊಳಿಸಿದರು. ಒಂದೇ ವಿಷಯದ ಮೇಲಿನ ಎರಡು ಗದ್ಯಗಳನ್ನು ಜೋಡಿಯಾಗಿ ಕೊಡತೊಡಗಿದರು. ಭಾಷಾ ವಿಭಾಗದ 78 ಪ್ರಶ್ನೆಗಳಲ್ಲಿ 40 ಗದ್ಯದ ಮೇಲಿನವಾದವು. 2001ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ರಿಚರ್ಡ್ ಅಟ್ಕಿನ್‌ಸನ್, ಹನ್ನೆರಡು ವರ್ಷದ ಮಕ್ಕಳು ಗಂಟೆಗಟ್ಟಲೆ ಪದಸಂಬಂಧದ ಪ್ರಶ್ನೆಗಳನ್ನು ಅಭ್ಯಾಸ ಮಾಡುವುದನ್ನು ಕಂಡು ಕಳವಳಗೊಂಡು, ತಮ್ಮಲ್ಲಿ ಎಸ್‌ಎಟಿಯನ್ನೇ ಬಿಡಬೇಕೆಂದು ಸೂಚಿಸಿದರು. 2005ರಲ್ಲಿ ಪದಸಂಬಂಧದ ಪ್ರಶ್ನೆಗಳು ಹೋದವು. 2016ರಲ್ಲಿ ಪೂರ್ತಿ ಗದ್ಯಾಧಾರಿತ ವಿಭಾಗ ಬಂತು: 65 ನಿಮಿಷಕ್ಕೆ 52 ಪ್ರಶ್ನೆ, ತಪ್ಪುತ್ತರಕ್ಕೆ ಅಂಕ ಕಳೆಯುವುದು ರದ್ದು. ಹಿಂದಿನ ಪ್ರಶ್ನೆಗೆ ಕೊಟ್ಟ ಉತ್ತರಕ್ಕೆ ಗದ್ಯದ ಯಾವ ಸಾಲು ಆಧಾರ ಎಂದು ಕೇಳುವ ಪ್ರಶ್ನೆಗಳು ಆಗ ಸೇರಿದವು. ಗದ್ಯಕ್ಕೆ ಮರಳಿ ಹೋಗದೆ ಗತ್ಯಂತರವಿಲ್ಲದಂತೆ ಮಾಡಿದ ಈ ಪ್ರಶ್ನೆಗಳು ಎಸ್‌ಎಟಿಯ ಓದಿನ ಭಾಗ ಕಂಡ ಅತ್ಯುತ್ತಮ ಸುಧಾರಣೆ. ಇದರೊಂದಿಗೆ ಖಾನ್ ಅಕಾಡೆಮಿ ಎಂಬ ಅಂತರಜಾಲ ಶಿಕ್ಷಣ ಸಂಸ್ಥೆಯ ಉಚಿತ ಅಭ್ಯಾಸವೂ ದೊರೆಯಿತು.

ಅಮೆರಿಕದಲ್ಲಿ 2024ರಿಂದ ಪರೀಕ್ಷೆ ಪೂರ್ತಿಯಾಗಿ ಕಂಪ್ಯೂಟರಿಗೆ ಬಂದಿದೆ. ಈಗಿನ ಗದ್ಯಭಾಗಗಳು 25ರಿಂದ 150 ಪದಗಳವು. ಒಂದಕ್ಕೆ ಒಂದೇ ಪ್ರಶ್ನೆ. ಮೊದಲ ಭಾಗದಲ್ಲಿ ವಿದ್ಯಾರ್ಥಿ ಹೇಗೆ ಉತ್ತರಿಸಿದರೆಂಬುದನ್ನು ನೋಡಿ ಎರಡನೆಯ ಭಾಗದ ಕಾಠಿಣ್ಯ ನಿರ್ಧಾರವಾಗುತ್ತದೆ. ಅಳತೆಗೆ ಇದು ಅನುಕೂಲ. ಆದರೆ ನಾಲ್ಕಾರು ಪರಿಚ್ಛೇದಗಳ ಉದ್ದಕ್ಕೂ ಬೆಳೆಯುವ ವಾದವೊಂದನ್ನು ಬಿಡದೆ ಹಿಂಬಾಲಿಸುವ ಶಕ್ತಿಯನ್ನು ಈ ಚಿಕ್ಕ ತುಣುಕುಗಳು ಪರೀಕ್ಷಿಸಲಾರವು. ಕಾಲೇಜಿನಲ್ಲಿ ಬೇಕಾಗುವುದು ಮಾತ್ರ ಆ ಶಕ್ತಿಯೇ.

ಪೂರ್ವ ಏಷ್ಯಾ

ಇಂಗ್ಲಿಷ್ ಮನೆಮಾತಲ್ಲದ ದೇಶಗಳಲ್ಲಿ ಈ ಪರೀಕ್ಷೆಯ ಭಾರ ಬೇರೆ ಬಗೆಯದು. ಜಪಾನಿನಲ್ಲಿ 1979ರಿಂದ ರಾಷ್ಟ್ರಮಟ್ಟದ ಸಾಮಾನ್ಯ ಪರೀಕ್ಷೆಯಿದೆ; 2021ರ ಹೊಸ ರೂಪದಲ್ಲಿ ಉಚ್ಚಾರಣೆ ಮತ್ತು ವ್ಯಾಕರಣದ ಬಿಡಿ ಪ್ರಶ್ನೆಗಳನ್ನು ತೆಗೆದು, ಓದಿಗೂ ಆಲಿಸುವಿಕೆಗೂ ನೂರು ನೂರು ಅಂಕ ಇಟ್ಟರು.

ದಕ್ಷಿಣ ಕೊರಿಯಾದ ಕಾಲೇಜು ಪ್ರವೇಶ ಪರೀಕ್ಷೆಯಾದ ಸುನಂಗ್ 1993ರಲ್ಲಿ ಆರಂಭವಾಯಿತು. ಇಂಗ್ಲಿಷಿಗೆ 70 ನಿಮಿಷ, 45 ಪ್ರಶ್ನೆ; 28 ಓದಿನವು, ಉಳಿದವು ಆಲಿಸುವಿಕೆಯವು. ಆಲಿಸುವ ಹೊತ್ತಿನಲ್ಲಿ ದೇಶದ ವಿಮಾನ ನಿಲ್ದಾಣಗಳಲ್ಲಿ ವಿಮಾನಗಳು ಏರುವುದೂ ಇಳಿಯುವುದೂ ನಿಲ್ಲುತ್ತದೆ. ಖಾಸಗಿ ಕೋಚಿಂಗಿನ ಹೊರೆ ಇಳಿಸಲೆಂದು ಸರ್ಕಾರ 2010ರ ಸುಮಾರಿಗೆ, ಪ್ರಶ್ನೆಗಳಲ್ಲಿ ಶೇ. 70ರಷ್ಟು ಸರ್ಕಾರಿ ಶೈಕ್ಷಣಿಕ ವಾಹಿನಿ ಇಬಿಎಸ್‌ನ ಅಭ್ಯಾಸ ಪುಸ್ತಕಗಳಿಗೆ ಹೊಂದಿಕೊಂಡಿರುವಂತೆ ಮಾಡಿತು. ಉದ್ದೇಶ ಒಳ್ಳೆಯದಿತ್ತು: ಹಳ್ಳಿಯ ಮಗುವಿಗೂ ಅದೇ ಪುಸ್ತಕ, ಅದೇ ಪಾಠ. ಫಲಿತಾಂಶ ಇನ್ನೊಂದಾಯಿತು. ಪುಸ್ತಕದ ಗದ್ಯಗಳೇ ಪರೀಕ್ಷೆಗೂ ಬರುತ್ತಿದ್ದುದರಿಂದ ಹಲವು ವಿದ್ಯಾರ್ಥಿಗಳು ಇಂಗ್ಲಿಷನ್ನು ಬದಿಗಿಟ್ಟು ಅವುಗಳ ಕೊರಿಯನ್ ಅನುವಾದವನ್ನೇ ಬಾಯಿಪಾಠ ಮಾಡಿದರು. ಪರೀಕ್ಷೆಯಲ್ಲಿ ಮೊದಲೆರಡು ಸಾಲು ನೋಡಿದೊಡನೆ ಗದ್ಯ ಯಾವುದೆಂದು ನೆನಪಾಗುತ್ತಿತ್ತು, ಮುಂದೆ ಓದುವ ಅಗತ್ಯವೇ ಇರಲಿಲ್ಲ. ಅಪರಿಚಿತ ಗದ್ಯ ಪರಿಚಿತವಾದ ಮೇಲೆ ಗ್ರಹಿಕೆಯ ಪರೀಕ್ಷೆ ನೆನಪಿನ ಪರೀಕ್ಷೆಯಾಗುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟ ನಿದರ್ಶನ ಬೇರೆಲ್ಲೂ ಇಲ್ಲ. ಕೊನೆಗೆ ಆ ಪ್ರಮಾಣವನ್ನು ಶೇ. 50ಕ್ಕೆ ಇಳಿಸಿ, ಇಂಗ್ಲಿಷಿನಲ್ಲಿ ಅದೇ ಗದ್ಯದ ಬದಲು ಅದೇ ಬಗೆಯ ಬೇರೆ ಗದ್ಯ ಕೊಡುವ ಕ್ರಮಕ್ಕೆ ಬಂದರು.

2022ರ ನವೆಂಬರ್ ಪರೀಕ್ಷೆಯ ಇಂಗ್ಲಿಷ್ ಭಾಗದ 23ನೆಯ ಪ್ರಶ್ನೆಯ ಗದ್ಯ, ಖಾಸಗಿ ಬೋಧಕರೊಬ್ಬರ ಅಣಕು ಪರೀಕ್ಷೆಯಲ್ಲಿ ಮೊದಲೇ ಬಂದಿತ್ತೆಂದು ದೊಡ್ಡ ವಿವಾದವಾಯಿತು. ಮರುವರ್ಷ, ಕೋಚಿಂಗ್ ಪಡೆದವರಿಗಷ್ಟೇ ಎಟುಕುವ ಅತಿ ಕಠಿಣ ಪ್ರಶ್ನೆಗಳನ್ನು ತೆಗೆದುಹಾಕುವುದಾಗಿ ಸರ್ಕಾರ ಸಾರಿತು.

ಭಾರತ ಮತ್ತು ಕರ್ನಾಟಕ

1857ರಲ್ಲಿ ಸ್ಥಾಪನೆಯಾದ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳಿಗೆ ಸೇರಲು ಇಂಗ್ಲಿಷ್ ಪರೀಕ್ಷೆ ದಾಟಲೇಬೇಕಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ಮೈಸೂರು ಸಂಸ್ಥಾನದ ಕಾಲೇಜುಗಳು ಮದರಾಸಿಗೆ ಸೇರಿದ್ದರಿಂದ ಇಲ್ಲಿನ ಹುಡುಗರಿಗೂ ಅಲ್ಲಿಯ ನಿಯಮವೇ. ಇಂದು ರಾಜ್ಯದ ವೃತ್ತಿಶಿಕ್ಷಣ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಇಂಗ್ಲಿಷ್ ಒಂದು ವಿಷಯವಲ್ಲ. ಅಲ್ಲಿರುವ ಭಾಷಾ ಪರೀಕ್ಷೆಯೆಂದರೆ ಹೊರನಾಡು ಮತ್ತು ಗಡಿನಾಡಿನ ಅಭ್ಯರ್ಥಿಗಳ ಕನ್ನಡ ಪರೀಕ್ಷೆಯೊಂದೇ. ಹಾಗಾಗಿ ಎಂಜಿನಿಯರಿಂಗ್ ಹಾದಿಯ ಬಹುಪಾಲು ಕನ್ನಡ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಗದ್ಯಗ್ರಹಿಕೆ ಪಿಯು ಪ್ರಶ್ನೆಪತ್ರಿಕೆಯ ಒಂದು ಮೂಲೆಗಷ್ಟೇ ಸೀಮಿತ.

ಕಾನೂನು ಓದುವವರ ಕತೆ ಬೇರೆ. ದೇಶದ ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪರೀಕ್ಷೆಯಾದ ಕ್ಲ್ಯಾಟನ್ನು 2008ರಲ್ಲಿ ಮೊದಲ ಬಾರಿ ನಡೆಸಿದ್ದು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ. ಆಗ 200 ಪ್ರಶ್ನೆ. ಇಂಗ್ಲಿಷ್ ಭಾಗದಲ್ಲಿ ಗದ್ಯದ ಜೊತೆಗೆ ಪದ, ವ್ಯಾಕರಣದ ಬಿಡಿ ಪ್ರಶ್ನೆಗಳು. 2020ರಲ್ಲಿ ಇಡೀ ಪರೀಕ್ಷೆ ಗದ್ಯಾಧಾರಿತವಾಯಿತು. ಪ್ರಚಲಿತ ವಿದ್ಯಮಾನ, ಕಾನೂನು, ತರ್ಕ ಯಾವುದೇ ಇರಲಿ, ಮೊದಲು ಒಂದು ಗದ್ಯ ಓದಬೇಕು. ಗಣಿತದ ಭಾಗಕ್ಕೂ ಅದೇ ಕ್ರಮ. ಇಂಗ್ಲಿಷ್ ಗದ್ಯಗಳು ಸುಮಾರು 450 ಪದಗಳವು. ಪ್ರಶ್ನೆಗಳು 150 ಆದವು, 2024ರ ಪ್ರವೇಶದಿಂದ 120ಕ್ಕೆ ಇಳಿದಿವೆ. ಸಮಯ ಎರಡು ಗಂಟೆ, ತಪ್ಪುತ್ತರಕ್ಕೆ ಕಾಲು ಅಂಕ ಕಡಿತ. 2022ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆದರೆ, ಕ್ಲ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅಲ್ಲಿ ಕಾನೂನಿನ ತಿಳಿವಳಿಕೆಗಿಂತ ಮೊದಲು ಎದುರಾಗುವುದು ಇಂಗ್ಲಿಷ್ ಓದಿನ ವೇಗ. ಇದು ನ್ಯಾಯವಾದ ವ್ಯವಸ್ಥೆಯಲ್ಲ.

ಅಭ್ಯಾಸದ ಬಗೆಗಳು

ಪ್ರಶ್ನೆಗಳನ್ನು ಮೊದಲು ನೋಡಿ ಆಮೇಲೆ ಗದ್ಯಕ್ಕೆ ಹೋಗುವುದು, ಒಪ್ಪದ ಆಯ್ಕೆಗಳನ್ನು ಒಂದೊಂದಾಗಿ ಹೊಡೆದುಹಾಕುವುದು, ಗಡಿಯಾರ ಇಟ್ಟುಕೊಂಡು ಅಣಕು ಪರೀಕ್ಷೆ ಬರೆಯುವುದು ಎಲ್ಲ ದೇಶಗಳ ಕೋಚಿಂಗ್ ಕೇಂದ್ರಗಳಲ್ಲೂ ಹೇಳಿಕೊಡುವ ಕ್ರಮಗಳು. ಪರೀಕ್ಷೆಯ ಅಚ್ಚಿಗೆ ಕೈ ಪಳಗಲು ಇವು ಬೇಕು. ಆದರೆ ಇವುಗಳ ಪ್ರಯೋಜನಕ್ಕೆ ಒಂದು ಮಿತಿಯಿದೆ. 1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 64 ಶಾಲಾ ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಆಟದ ವಿವರಣೆಯೊಂದನ್ನು ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲವರು, ಓದಿನಲ್ಲಿ ಮುಂದಿದ್ದು ಆಟ ತಿಳಿಯದವರಿಗಿಂತ ಚೆನ್ನಾಗಿ ಅದನ್ನು ಗ್ರಹಿಸಿ ನೆನಪಿಟ್ಟರು. ಗದ್ಯದ ವಿಷಯ ಮೊದಲೇ ಅಷ್ಟಿಷ್ಟು ಗೊತ್ತಿರುವುದು ಯಾವ ಕೌಶಲಕ್ಕಿಂತಲೂ ಕಡಿಮೆ ಬಲವಲ್ಲ. ಕ್ಲ್ಯಾಟ್‌ಗೆ ಕೂರುವವರು ದಿನವೂ ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯ ಓದುವ ರೂಢಿ ಇದಕ್ಕೆ ಹತ್ತಿರವಾದದ್ದು. ಪ್ರಶ್ನೆಗಳೇ ಇಲ್ಲದ ಆ ಓದಿನಿಂದ ಪದಸಂಪತ್ತೂ ವಿಷಯಜ್ಞಾನವೂ ಒಟ್ಟಿಗೆ ಬೆಳೆಯುತ್ತವೆ. ಅದಕ್ಕೆ ತಿಂಗಳುಗಳೇ ಹಿಡಿಯುವುದರಿಂದ, ಪರೀಕ್ಷೆಗೆ ಕೆಲವೇ ವಾರ ಮೊದಲು ನಡೆಯುವ ತ್ವರಿತ ತರಗತಿಗಳು ಅದನ್ನು ಕೊಡಲಾರವು.